ಐದನೇ ಅಕ್ಷರದ ಬೆಲೆ

ಬಿಎಸ್27ಆರ್1ಬಿ. ಹಳೇ ಅಮೆರಿಕನ್ ಮಸಲ್ ಕಾರುಗಳ, ಅಂದರೆ ಸಣ್ಣ ಮೈಗೆ ದೊಡ್ಡ ಎಂಜಿನ್ ಕೂರಿಸಿದ ಕಾರುಗಳ ಹುಚ್ಚು ಹತ್ತಿಸಿಕೊಂಡವರ ಮುಂದೆ ಇಷ್ಟು ಬರೆದಿಟ್ಟರೆ ಸಾಕು, ಊಟ ಬಿಟ್ಟು ಎದ್ದು ಬರುತ್ತಾರೆ. ಇದು ಒಂದು ಚಾಸಿ ನಂಬರಿನ ಮೊದಲರ್ಧ. ಬಿ ಅಂದರೆ ಕ್ರೈಸ್ಲರ್ ಗುಂಪಿನ ಪ್ಲಿಮತ್ ಕಂಪನಿಯ ಬ್ಯಾರಕುಡ ಕಾರು. ಎಸ್ ಅಂದರೆ ಅದರಲ್ಲೇ ಜೋರಿನದು, ‘ಕುಡ’. 27 ಅಂದರೆ ಮೇಲಿನ ಬಟ್ಟೆ ಮಡಚಿ ಹಿಂದೆ ಹಾಕುವ ಕನ್ವರ್ಟಿಬಲ್. 1 ಅಂದರೆ 1971ರ ಮಾಡೆಲ್, ಕೊನೆಯ ಬಿ ಮಿಷಿಗನ್ ರಾಜ್ಯದ ಹ್ಯಾಮ್‌ಟ್ರಾಮ್ಕ್ ಕಾರ್ಖಾನೆ. ಉಳಿದದ್ದು ಐದನೆಯ ಜಾಗದ ಆರ್. ಬಾನೆಟ್ಟಿನ ಕೆಳಗೆ 426 ಘನ ಇಂಚಿನ, ಅಂದರೆ 7 ಲೀಟರಿನ ಹೆಮಿ ಎಂಜಿನ್ ಕೂತಿದೆ ಎಂದು ಅದರ ಅರ್ಥ.

ಆ ಜಾಗದಲ್ಲಿ ಎಚ್ ಇದ್ದರೆ ಎಂಜಿನ್ 340 ಘನ ಇಂಚಿನದು. ಆಗಲೂ ಕಾರು ಅದೇ, ಅಂದ ಅದೇ, ಓಡುವುದೂ ಚೆನ್ನಾಗಿಯೇ. ಆದರೆ ವ್ಯಾಪಾರ ಒಂದೆರಡು ಲಕ್ಷ ಡಾಲರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಆರ್ ಇದ್ದ ಒಂದು ಕಾರು 2014ರ ಜೂನ್‌ನಲ್ಲಿ ಸಿಯಾಟಲ್‌ನ ಮೀಕಮ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಶೋರೂಮಿನಲ್ಲಿ ಹೊಸದಾಗಿ ನಿಂತಿದ್ದಾಗ ಹೆಮಿ ಬೇಕೆಂದವರು ಹೆಚ್ಚಿಗೆ ಕೊಡಬೇಕಿದ್ದದ್ದು 900 ಡಾಲರಿಗಿಂತ ಕಡಿಮೆ.

ಬೆಂಗಳೂರಲ್ಲಿ ಸೈಟು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಕಪಕ್ಕದ ಎರಡು ಸೈಟು, ಮಣ್ಣೂ ಒಂದೇ, ರಸ್ತೆಯೂ ಒಂದೇ. ಒಂದಕ್ಕೆ ಮದರ್ ಡೀಡ್‌ನಿಂದ ಹಿಡಿದು ಖಾತೆ, ಇಸಿವರೆಗೆ ಎಲ್ಲ ಇದೆ. ಇನ್ನೊಂದಕ್ಕೆ ನಡುವಿನ ಒಂದು ಕ್ರಯಪತ್ರ ಕಾಣೆ. ಎರಡರ ಬೆಲೆ ಎಲ್ಲಿಂದೆಲ್ಲಿಗೆ! ಮಸಲ್ ಕಾರುಗಳ ಪೇಟೆ ನಡೆಯುತ್ತಿರುವುದು ಹೀಗೇ. ‘ಹಳೇ ಮಸಲ್ ಕಾರುಗಳ ಬೆಲೆ ಗಗನಕ್ಕೆ’ ಎಂಬ ಸುದ್ದಿ ಪ್ರತಿ ಜನವರಿಗೊಮ್ಮೆ ತಪ್ಪದೆ ಬರುತ್ತದೆ. ಓದಿದವರು ಕಾರು ದುಬಾರಿಯಾಯಿತು ಅಂದುಕೊಳ್ಳುತ್ತಾರೆ. ನನಗೆ ಕಾಣುವ ಮಟ್ಟಿಗೆ ದುಬಾರಿಯಾಗಿರುವುದು ಕಾರಿನ ಜೊತೆ ಬರುವ ಕಾಗದ. ಅಂಥ ಕಾಗದ ಇರುವ ಕಾರುಗಳು ಬಹಳ ಕಮ್ಮಿ.

ಜನವರಿಯೇ ಏಕೆಂದರೆ ದೊಡ್ಡ ಸಂತೆಗಳು ನೆರೆಯುವುದು ಆಗ. ಫ್ಲಾರಿಡಾದ ಕಿಸಿಮಿಯಲ್ಲಿ ಮೀಕಮ್, ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್. ಕಿಸಿಮಿಯಲ್ಲಿ ಹತ್ತು ದಿನಕ್ಕೂ ಮೀರಿ ಸಾವಿರಾರು ವಾಹನಗಳು ಒಂದರ ಹಿಂದೊಂದು ವೇದಿಕೆ ಹತ್ತಿ ಇಳಿಯುತ್ತವೆ. ಒಂದೊಂದಕ್ಕೆ ಸಿಗುವುದು ಎರಡು ಮೂರು ನಿಮಿಷ. ಸವಾಲು ಕೂಗುವವನ ಮಾತು ಮಾತಾಗಿ ಕೇಳುವುದಿಲ್ಲ, ಮಂತ್ರವಾಗಿ ಕೇಳುತ್ತದೆ. ಸುತ್ತಿಗೆ ಬಿದ್ದ ಮೇಲೆ ಕೊಂಡವನ ತಲೆಗೆ ಹರಾಜು ಕಂಪನಿಯ ಪಾಲು ಬೇರೆ ಕೂಡುತ್ತದೆ, ಸಾಮಾನ್ಯವಾಗಿ ನೂರಕ್ಕೆ ಹತ್ತು. ಮಾರಿದವನ ಕೈಯಿಂದಲೂ ಒಂದಿಷ್ಟು ಕಮಿಷನ್ ಹೋಗುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುವುದು ಎಲ್ಲ ಸೇರಿದ ಮೊತ್ತ. ಮಾರಿದವನ ಮನೆಗೆ ಹೋದ ಹಣ ಎಂದೂ ಅಷ್ಟಿರುವುದಿಲ್ಲ.

ಕಾಗದದ ಮಾತಿಗೆ 2020ರ ಜನವರಿ 10ರಂದು ಕಿಸಿಮಿಯಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ವೇದಿಕೆಗೆ ಬಂದದ್ದು 1968ರ ಹಸಿರು ಫೋರ್ಡ್ ಮಸ್ಟಾಂಗ್. ಬಣ್ಣ ಮಾಸಿತ್ತು, ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಸೀಟು ಹಳತಾಗಿತ್ತು. ಎಂಜಿನ್ 390, ಆ ಕಾಲಕ್ಕೆ ಅಂಥ ವಿಶೇಷದ್ದಲ್ಲ. ಅದೇ ವರ್ಷದ, ಅದೇ ಎಂಜಿನ್ನಿನ ಹೊಳೆಯುವ ಮಸ್ಟಾಂಗ್ ಒಂದು ಲಕ್ಷ ಡಾಲರ್ ಮುಟ್ಟಲು ಏದುಸಿರು ಬಿಡುತ್ತದೆ. ಈ ತುಕ್ಕಿನ ಕಾರಿಗೆ ಸುತ್ತಿಗೆ ಬಿದ್ದದ್ದು 34 ಲಕ್ಷ ಡಾಲರಿಗೆ, ಕಂಪನಿಯ ಪಾಲು ಸೇರಿ 37.4 ಲಕ್ಷ. ಆಗಿನ ವಿನಿಮಯ ದರದಲ್ಲಿ ಸುಮಾರು 26 ಕೋಟಿ ರೂಪಾಯಿ.

ಕಾರಣ, ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ‘ಬುಲಿಟ್’ ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಏರುತಗ್ಗಿನ ಬೀದಿಗಳಲ್ಲಿ ಓಡಿಸಿದ ಕಾರು ಅದು. 1974ರಲ್ಲಿ ಒಂದು ಕುಟುಂಬದವರು ಪತ್ರಿಕೆಯೊಂದರ ಜಾಹೀರಾತು ನೋಡಿ ಅದನ್ನು ಕೆಲವು ಸಾವಿರ ಡಾಲರಿಗೆ ಕೊಂಡಿದ್ದರು. ಮನೆಯಾಕೆ ಶಾಲೆಯ ಮೇಡಂ, ದಿನಾ ಪಾಠಕ್ಕೆ ಹೋಗುತ್ತಿದ್ದದ್ದು ಅದರಲ್ಲೇ. 1977ರಲ್ಲಿ ಮೆಕ್ವೀನ್ ಖುದ್ದಾಗಿ ಕಾಗದ ಬರೆದು ಕಾರು ವಾಪಸ್ ಕೇಳಿದ, ಅವರು ಕೊಡಲಿಲ್ಲ. ಆಮೇಲೆ ಕ್ಲಚ್ ಹೋಯಿತು, ಕಾರು ಶೆಡ್ಡು ಸೇರಿ ದಶಕಗಟ್ಟಲೆ ಅಲ್ಲೇ ಕೂತಿತು. ಹರಾಜಿಗೆ ಬಂದಾಗಲೂ ಕ್ಯಾಮೆರಾ ಕೂರಿಸಲು ಬೆಸುಗೆ ಹಾಕಿದ್ದ ಕಬ್ಬಿಣದ ತುಂಡುಗಳು ಹಾಗೇ ಇದ್ದವು. ಕೊಂಡವನು ಹಣ ಸುರಿದದ್ದು ಆ ಬೆಸುಗೆಗೆ, ಆ ಪತ್ರಕ್ಕೆ. ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿ ತಂದಿದ್ದರೆ ಬೆಲೆ ಅರ್ಧಕ್ಕೆ ಬೀಳುತ್ತಿತ್ತೇನೋ. ನಮ್ಮೂರಿನ ಸೆಕೆಂಡ್ ಹ್ಯಾಂಡ್ ದಲ್ಲಾಳಿಗಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಕಾಗದಕ್ಕೆ ಇಷ್ಟು ಬೆಲೆ ಬಂದದ್ದೇಕೆ ಎಂದು ತಿಳಿಯಲು ಈ ಕಾರುಗಳು ಹುಟ್ಟಿದ ಬಗೆ ನೋಡಬೇಕು. ಮಸಲ್ ಕಾರು ಹುಟ್ಟಿದ್ದೇ ಕಾಗದದ ಸಂದಿಯಲ್ಲಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಕೂಡದು ಎಂದು ಜನರಲ್ ಮೋಟರ್ಸ್ ತನ್ನ ಕಂಪನಿಗಳಿಗೆಲ್ಲ ಕಟ್ಟುಪಾಡು ಮಾಡಿತ್ತು. ಅದೇ ಗುಂಪಿನ ಪಾಂಟಿಯಾಕ್‌ನಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ಕಟ್ಟುಪಾಡು ಇದ್ದದ್ದು ಮಾಡೆಲ್‌ಗೆ, ‘ಆಪ್ಷನ್’ಗೆ ಅಲ್ಲವಲ್ಲ! 1964ರ ಟೆಂಪೆಸ್ಟ್ ಕಾರಿಗೆ ಸುಮಾರು 295 ಡಾಲರಿನ ಒಂದು ಆಪ್ಷನ್ ಎಂದು ಬರೆದು 389 ಘನ ಇಂಚಿನ ಎಂಜಿನ್ ಇಳಿಸಿಬಿಟ್ಟರು. ಹೆಸರು ಜಿಟಿಒ. ಐದು ಸಾವಿರ ಹೋದರೆ ಹೆಚ್ಚು ಅಂದುಕೊಂಡಿದ್ದರು, ಮೊದಲ ವರ್ಷವೇ 32,450 ಹೋದವು. ಸಣ್ಣ ಮೈ, ದೊಡ್ಡ ಎಂಜಿನ್, ಕೆಲಸಕ್ಕೆ ಸೇರಿದ ಹುಡುಗನ ಕೈಗೆಟುಕುವ ಬೆಲೆ. ಮುಂದೆ ಎಲ್ಲ ಕಂಪನಿಗಳೂ ಹಿಡಿದ ದಾರಿ ಇದು.

ಆಪ್ಷನ್ ಆಗಿ ಹುಟ್ಟಿದ್ದರಿಂದ ಒಂದು ತೊಡಕು ಉಳಿದುಹೋಯಿತು. ಆ ಮೊದಲ ಜಿಟಿಒಗಳ ಚಾಸಿ ನಂಬರಿನಲ್ಲಿ ಜಿಟಿಒ ಎಂಬುದರ ಸುಳಿವೇ ಇಲ್ಲ. ಷೆವ್ರೊಲೆ ಕಂಪನಿಯ ಷೆವೆಲ್ ಕಾರಿನ ಜೋರಿನ ಆವೃತ್ತಿ, 1970ರ ಷೆವೆಲ್ ಎಸ್‌ಎಸ್‌ದೂ ಇದೇ ಕತೆ. 454 ಎಂಜಿನ್ನಿನ ಎಲ್‌ಎಸ್6 ಅಂದರೆ 450 ಕುದುರೆ ಶಕ್ತಿ, ಆ ಕಾಲದ ಪುಂಡರ ಪುಂಡ. ಆದರೆ ನಂಬರ್ ಓದಿದರೆ ವಿ8 ಎಂಜಿನ್ನಿನ ಮ್ಯಾಲಿಬು, ಅಂದರೆ ಷೆವೆಲ್‌ನದೇ ಒಂದು ದರ್ಜೆ, ಎಂದಷ್ಟೇ ತಿಳಿಯುತ್ತದೆ. ಬ್ಯಾಡ್ಜು, ಬಾನೆಟ್ಟು, ದುಂಡು ಮೀಟರುಗಳ ಡ್ಯಾಶ್‌ಬೋರ್ಡು, ಇವೆಲ್ಲ ಇವತ್ತು ಕ್ಯಾಟಲಾಗ್ ನೋಡಿ ತರಿಸಬಹುದು. ಷೆವ್ರೊಲೆಯ ಇನ್ನೊಂದು ಕಾರು, 1969ರ ಕಮಾರೋದ ಇಡೀ ಬಾಡಿಯೇ ಹೊಸದಾಗಿ ಅಚ್ಚೊತ್ತಿ ಬರುತ್ತದೆ. ಅಂದಮೇಲೆ ಅಸಲಿ ಯಾವುದು, ‘ಕ್ಲೋನ್’ ಯಾವುದು? ಹೇಳಬಲ್ಲದ್ದು ಕಾರ್ಖಾನೆಯಲ್ಲಿ ಕಾರಿನ ಜೊತೆ ಸಾಗಿಬಂದ ಬಿಲ್ಡ್ ಶೀಟ್. ಯಾವ ಎಂಜಿನ್, ಯಾವ ಗೇರು, ಯಾವ ಬಣ್ಣ ಎಂದು ಕೆಲಸಗಾರರಿಗೆ ತಿಳಿಸುತ್ತಿದ್ದ ಚೀಟಿ ಅದು. ಕೆಲಸ ಮುಗಿದ ಮೇಲೆ ಕ್ರೈಸ್ಲರ್‌ನವರು ಸೀಟಿನ ಸ್ಪ್ರಿಂಗುಗಳ ನಡುವೆ ತುರುಕಿಬಿಡುತ್ತಿದ್ದರು. ಷೆವ್ರೊಲೆ ಕಾರುಗಳಲ್ಲಿ ಅದು ಎಷ್ಟೋ ಸಲ ಸಿಗುವುದು ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ. ಕಸದ ಬುಟ್ಟಿಗೆ ಹೋಗಬೇಕಿದ್ದ ಚೀಟಿ ಇವತ್ತು ಲ್ಯಾಮಿನೇಷನ್ ಮಾಡಿಸಿಕೊಂಡು ಬ್ಯಾಂಕ್ ಲಾಕರಿನಲ್ಲಿ ಕೂತಿದೆ. ಫೋರ್ಡ್ ಕಾರಾದರೆ ಕಂಪನಿಯ ಹಳೇ ಕಡತ ನೋಡಿ ‘ಮಾರ್ಟಿ ರಿಪೋರ್ಟ್’ ಎಂಬ ವರದಿ ಕೊಡುತ್ತಾರೆ, ಪಾಂಟಿಯಾಕ್‌ಗೂ ಅಂಥದ್ದೇ ಒಂದು ಸೇವೆ ಇದೆ. ಅಮೆರಿಕದಲ್ಲಿ ಮಾರಾಟವಾದ ಷೆವ್ರೊಲೆಗೆ ಅಂಥ ಕಡತವೇ ಇಲ್ಲ. ಹಾಗಾಗಿ ಟ್ಯಾಂಕಿನ ಮೇಲಿನ ಚೀಟಿಗೆ ಅಷ್ಟು ಮರ್ಯಾದೆ.

ಇನ್ನೊಂದು ವಿಪರ್ಯಾಸ. ಇವತ್ತು ಮಿಲಿಯನ್‌ಗಟ್ಟಲೆ ಡಾಲರಿಗೆ ಹೋಗುವ ಕಾರುಗಳು ಹೆಚ್ಚಾಗಿ ಅಂದು ಯಾರಿಗೂ ಬೇಡವಾಗಿದ್ದವು. 1969ರ ಕಮಾರೋ ಜೆಡ್‌ಎಲ್1ಗೆ ಪೂರ್ತಿ ಅಲ್ಯುಮಿನಿಯಂನ 427 ಎಂಜಿನ್ ಹಾಕಿದರು. ಎಂಜಿನ್ನಿಗೇ 4,000 ಡಾಲರಿನ ಮೇಲೆ, ಕಾರು ಎಲ್ಲ ಸೇರಿ 7,000 ದಾಟಿತು. ಆದದ್ದು 69 ಕಾರು ಮಾತ್ರ, ಅವೂ ಹೋಗದೆ ಕೆಲವು ಕಂಪನಿಗೇ ವಾಪಸ್ ಬಂದವು. ಪ್ಲಿಮತ್ ಸೂಪರ್‌ಬರ್ಡ್, ರೇಸಿಗಿಳಿಯುವ ಕಾರು ಇಂತಿಷ್ಟು ಸಂಖ್ಯೆಯಲ್ಲಿ ತಯಾರಾಗಿರಬೇಕು ಎಂಬ ನಿಯಮಕ್ಕಾಗಿ, 1970ರಲ್ಲಿ 1,900ಕ್ಕಿಂತ ಹೆಚ್ಚು ತಯಾರಾಯಿತು. ಗಿಳಿಮೂಗು, ಹಿಂದೆ ಆಳೆತ್ತರಕ್ಕೆ ಎದ್ದ ರೆಕ್ಕೆ ನೋಡಿ ಗಿರಾಕಿಗಳು ನಕ್ಕರು. ಮಾರಿಹೋಗಲಿ ಎಂದು ರೆಕ್ಕೆ ಮೂಗು ಕಿತ್ತು ಸಾದಾ ಕಾರು ಮಾಡಿ ಕೊಟ್ಟ ಡೀಲರುಗಳೂ ಇದ್ದಾರೆ. 2022ರಲ್ಲಿ ಹೆಮಿ ಎಂಜಿನ್ನಿನ ಒಂದು ಸೂಪರ್‌ಬರ್ಡ್ ಇಂಡಿಯಾನಾಪೊಲಿಸ್‌ನಲ್ಲಿ 16.5 ಲಕ್ಷ ಡಾಲರಿಗೆ ಹೋಯಿತು.

ಆ ಬಿಎಸ್27ಆರ್ ಕತೆಯೂ ಅಷ್ಟೇ. 1971ರ ಹೆಮಿ ಕುಡ ಕನ್ವರ್ಟಿಬಲ್ ಆದದ್ದೇ ಹನ್ನೊಂದೋ ಹನ್ನೆರಡೋ. ಆ ಹೊತ್ತಿಗೆ ಇನ್ಶೂರೆನ್ಸ್ ಕಂಪನಿಗಳು ಹೆಚ್ಚು ಶಕ್ತಿಯ ಕಾರು ಕೊಳ್ಳುವ ಹುಡುಗರ ಮೇಲೆ ಕಂತು ಏರಿಸಿ ಕೂತಿದ್ದವು. 1970ರ ಶುದ್ಧ ಗಾಳಿ ಕಾಯ್ದೆ ಬಂದು ಎಂಜಿನ್ನುಗಳ ಬಲ ಕುಗ್ಗಿಸಬೇಕಾಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಬಂಕುಗಳ ಮುಂದೆ ಸಾಲು ನಿಂತಿತು. ಗ್ಯಾಲನ್ನಿಗೆ ಹತ್ತು ಮೈಲಿ ಕೊಡುವ ಕಾರನ್ನು ಆಗ ಪುಕ್ಕಟೆ ಕೊಟ್ಟರೂ ಬೇಡ ಎನ್ನುವ ಕಾಲ. ಎಷ್ಟೋ ಕಾರು ಗುಜರಿಗೆ ಹೋದವು, ಎಷ್ಟೋ ಎಂಜಿನ್ನು ರೇಸಿನ ಹುಡುಗರ ಪಾಲಾದವು. ಉಳಿದವುಗಳಲ್ಲಿ ಹುಟ್ಟಿದಾಗಿನ ಎಂಜಿನ್ನೇ ಇರುವ, ನಂಬರಿಗೆ ನಂಬರು ತಾಳೆಯಾಗುವ ಕಾರುಗಳು ಇನ್ನೂ ಕಮ್ಮಿ.

ಇನ್ನು ಏರಿಕೆಯ ಲೆಕ್ಕಕ್ಕೆ ಬರೋಣ. 2006ರ ಜನವರಿಯಲ್ಲಿ 1970ರ ಹೆಮಿ ಕುಡ ಕನ್ವರ್ಟಿಬಲ್ ಒಂದು ಸ್ಕಾಟ್ಸ್‌ಡೇಲ್‌ನಲ್ಲಿ 21.6 ಲಕ್ಷ ಡಾಲರಿಗೆ ಹೋಗಿತ್ತು. ಹಣದುಬ್ಬರ ಸೇರಿಸಿದರೆ ಆ ಮೊತ್ತ ಇಂದಿನ ಸುಮಾರು 35 ಲಕ್ಷ ಡಾಲರಿಗೆ ಸಮ. ಅಂದರೆ ಇಪ್ಪತ್ತು ವರ್ಷದ ಕೆಳಗೇ ಪೇಟೆ ಇಷ್ಟೆತ್ತರ ಹತ್ತಿತ್ತು. ಮನೆ ಸಾಲ ಸುಲಭವಾಗಿ ಸಿಗುತ್ತಿದ್ದ ಕಾಲ ಅದು. 2008ರಲ್ಲಿ ಬ್ಯಾಂಕುಗಳು ಬಿದ್ದಾಗ ಮಸಲ್ ಕಾರುಗಳೂ ಬಿದ್ದವು, ಬೇರೆ ಹಳೇ ಕಾರುಗಳಿಗಿಂತ ಜೋರಾಗಿಯೇ ಬಿದ್ದವು.

ಎರಡನೇ ಅಲೆ ಬಂದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿತು. ಷೇರು ಏರಿತು, ಮನೆಯಲ್ಲಿ ಕೂತವರ ಕೈಯಲ್ಲಿ ಫೋನಿತ್ತು, ಬ್ರಿಂಗ್ ಎ ಟ್ರೇಲರ್‌ನಂಥ ಆನ್‌ಲೈನ್ ಹರಾಜುಗಳಿದ್ದವು. ಅದೇ ವರ್ಷದ ಜುಲೈನಲ್ಲಿ 1965ರ ಷೆಲ್ಬಿ ಜಿಟಿ350ಆರ್ ಎಂಬ ರೇಸಿನ ಮಸ್ಟಾಂಗಿನ ಮೂಲಮಾದರಿ 38.5 ಲಕ್ಷ ಡಾಲರಿಗೆ ಹೋಗಿ ಬುಲಿಟ್ ಮಸ್ಟಾಂಗಿನ ದಾಖಲೆ ಮುರಿಯಿತು. ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಸುದ್ದಿ. ಅದೇ ಕಾರು 2022ರ ಜನವರಿಯಲ್ಲಿ, ಪೇಟೆ ಉತ್ತುಂಗದಲ್ಲಿದ್ದಾಗ, ಮತ್ತೆ ಹರಾಜಿಗೆ ಬಂದು 37.5 ಲಕ್ಷಕ್ಕೆ ಹೋದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಜಗತ್ತಿನ ಅತ್ಯಂತ ಬೇಡಿಕೆಯ ಮಸ್ಟಾಂಗನ್ನು ಒಂದೂವರೆ ವರ್ಷ ಇಟ್ಟುಕೊಂಡವನಿಗೆ ಲಕ್ಷ ಡಾಲರ್ ಖೋತಾ, ಕಮಿಷನ್ ಕಳೆದರೆ ಇನ್ನೂ ಹೆಚ್ಚು.

ಹೋಗದ ಕಾರುಗಳ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ. 2021ರ ಮೇನಲ್ಲಿ ಇಂಡಿಯಾನಾಪೊಲಿಸ್‌ಗೆ ಒಂದು 1971ರ ಹೆಮಿ ಕುಡ ಕನ್ವರ್ಟಿಬಲ್ ಬಂತು. ಸವಾಲು 48 ಲಕ್ಷ ಡಾಲರಿನವರೆಗೂ ಹೋಯಿತು. ಮಾಲೀಕನಿಗೆ ಅದೂ ಸಾಲಲಿಲ್ಲ, ಕಾರು ಹಾಗೇ ವಾಪಸ್. ಆ 48 ಲಕ್ಷ ಬೆಲೆಯೋ, ಬರಿಯ ಮಾತೋ? ಕೊಟ್ಟು ತೆಗೆದುಕೊಂಡ ಮೇಲಷ್ಟೇ ಬೆಲೆ ಎಂದು ನಮ್ಮ ದನದ ಜಾತ್ರೆಯ ದಲ್ಲಾಳಿಗಳೂ ಹೇಳುತ್ತಾರೆ. ಆದರೂ ಉಳಿದ ಕುಡ ಮಾಲೀಕರ ತಲೆಯಲ್ಲಿ ಕೂತಿರುವುದು ಆ 48.

ಹೂಡಿಕೆ ಎಂದು ನೋಡುವವರು ಇನ್ನೊಂದು ಕಾರಿನ ಲೆಕ್ಕ ಕೇಳಬೇಕು. 1967ರ ಷೆಲ್ಬಿ ಜಿಟಿ500 ಸೂಪರ್ ಸ್ನೇಕ್, ಅಂದು ತಯಾರಾದದ್ದು ಒಂದೇ ಒಂದು. 2013ರಲ್ಲಿ 13 ಲಕ್ಷ ಡಾಲರಿಗೆ, 2019ರ ಜನವರಿಯಲ್ಲಿ 22 ಲಕ್ಷಕ್ಕೆ ಹೋಯಿತು. ಒಳ್ಳೆಯ ಲಾಭವೇ. ಅದೇ ಅವಧಿಯಲ್ಲಿ ಎಸ್‌ಆ್ಯಂಡ್‌ಪಿ 500 ಷೇರು ಸೂಚ್ಯಂಕ 1,650ರ ಆಸುಪಾಸಿನಿಂದ 2,600ರ ಆಸುಪಾಸಿಗೆ ಬಂದಿತ್ತು, ಮೇಲೆ ಡಿವಿಡೆಂಡ್. ಸೂಚ್ಯಂಕಕ್ಕೆ ಗ್ಯಾರೇಜು ಬೇಡ, ಇನ್ಶೂರೆನ್ಸ್ ಬೇಡ, ಬ್ಯಾಟರಿ ಇಳಿಯುವುದಿಲ್ಲ. ತೆರಿಗೆಯೂ ಕಾರಿನ ಪರವಾಗಿಲ್ಲ. ಷೇರಿನ ದೀರ್ಘಾವಧಿ ಲಾಭಕ್ಕೆ ಅಲ್ಲಿ ಹೆಚ್ಚೆಂದರೆ ಶೇ. 20, ಸಂಗ್ರಹಯೋಗ್ಯ ವಸ್ತುಗಳ ಲಾಭಕ್ಕೆ ಶೇ. 28ರವರೆಗೆ. ಒಂದನ್ನು ಮಾರಿ ಇನ್ನೊಂದು ಕೊಂಡು ತೆರಿಗೆ ಮುಂದೂಡುವ ದಾರಿಯೊಂದಿತ್ತು, 2018ರಿಂದ ಅದೂ ಮುಚ್ಚಿದೆ. ಜಗತ್ತಿಗೇ ಒಂದೇ ಆದ ಕಾರಿನ ಹಣೆಬರಹವೇ ಇದಾದರೆ ಸಾವಿರಗಟ್ಟಲೆ ಇರುವ ಸಾದಾ ಮಸ್ಟಾಂಗು, ಷೆವೆಲ್ಲುಗಳ ಪಾಡೇನು? 2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿ ಮರುವರ್ಷದ ಜುಲೈಗೆ ಶೇ. 5.25–5.5 ಮುಟ್ಟಿತು. ಅಲ್ಲಿಂದಾಚೆ ನಡುದರ್ಜೆಯ ಕಾರುಗಳ ಪೇಟೆ ತಣ್ಣಗಾಗಿದೆ. ಬೆಲೆ ಬಿದ್ದಿಲ್ಲ ಎನ್ನುವವರೂ ಹಣದುಬ್ಬರ ಕಳೆದು ನೋಡಿದರೆ ಬಿದ್ದಿರುವುದು ಕಾಣುತ್ತದೆ.

ಮುಂದಿನ ಮಾತು ವಯಸ್ಸಿನದು. ಹದಿನೆಂಟರಲ್ಲಿ ಕಿಟಕಿ ಗಾಜಿಗೆ ಮೂಗು ಒತ್ತಿ ನೋಡಿದ ಕಾರನ್ನು ಐವತ್ತೈದರಲ್ಲಿ ಕೊಳ್ಳುತ್ತಾರೆ, ಈ ಪೇಟೆಯ ಸೂತ್ರ ಅದು. ಬೆಂಗಳೂರು ಮೈಸೂರುಗಳಲ್ಲಿ ಯಮಹಾ ಆರ್‌ಎಕ್ಸ್ 100 ಹೊಸದಾಗಿದ್ದಾಗಿನ ಬೆಲೆಯ ಎಷ್ಟೋ ಪಟ್ಟಿಗೆ ಹೋಗುವುದೂ ಇದೇ ಸೂತ್ರದಲ್ಲಿ, ‘ಮೇಡ್ ಇನ್ ಜಪಾನ್’ ಎಂಜಿನ್ನಿಗೆ ಅಲ್ಲೂ ಬೇರೆ ರೇಟು. ಮಸಲ್ ಕಾರಿನ ಗಿರಾಕಿಗಳು 1946ರಿಂದ 64ರ ನಡುವೆ ಹುಟ್ಟಿದವರು. ಅವರಲ್ಲಿ ಹಿರಿಯರಿಗೆ ಎಂಬತ್ತು ತುಂಬುತ್ತಿದೆ. ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ರಸ್ತೆಯಲ್ಲಿ ಪ್ರತಿ ಆಗಸ್ಟ್ ನಡೆಯುವ ಹಳೇ ಕಾರುಗಳ ಮೆರವಣಿಗೆ ನೋಡಲು ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಮಡಚುವ ಕುರ್ಚಿ, ಐಸ್ ಪೆಟ್ಟಿಗೆ, ಪಕ್ಕದಲ್ಲಿ ಜಿಟಿಒ. ಕುರ್ಚಿಯಲ್ಲಿ ಕೂತವರ ತಲೆಯೆಲ್ಲ ಬೆಳ್ಳಗೆ. ಮೊಮ್ಮಕ್ಕಳು ಓಡುವುದು ಆ ಕಡೆ ನಿಂತ ಜಪಾನಿನ ಸ್ಪೋರ್ಟ್ಸ್ ಕಾರು ಟೊಯೊಟಾ ಸುಪ್ರಾದ ಹತ್ತಿರ. ಮಾರುವವರು ಹೆಚ್ಚಿ ಕೊಳ್ಳುವವರು ಕಡಿಮೆಯಾದಾಗ ಏನಾಗುತ್ತದೋ ಅದು ಈ ಪೇಟೆಗೂ ಕಾದಿದೆ. ಡಾಡ್ಜ್ ಕಂಪನಿ ಚಾಲೆಂಜರ್ ಕಾರು ತಯಾರಿಸುವುದನ್ನು ನಿಲ್ಲಿಸಿತು, ಷೆವ್ರೊಲೆ ಕಮಾರೋ ನಿಲ್ಲಿಸಿತು, ಹಾಗಾಗಿ ಹಳೆಯವು ಇನ್ನೂ ಏರುತ್ತವೆ ಎಂದು 2023ರ ಕೊನೆಯಲ್ಲಿ ಬಹಳ ಜನ ಬರೆದರು. ನನಗೆ ಆ ತರ್ಕ ಹಿಡಿಸಲಿಲ್ಲ. ಹೊಸದು ನಿಂತರೆ ಆ ಹೆಸರು ಕೇಳಿ ಬೆಳೆಯುವ ಹುಡುಗರೂ ನಿಲ್ಲುತ್ತಾರಲ್ಲ.

ನನ್ನ ಕಾಗದದ ವಾದಕ್ಕೆ ಒಂದು ಅಪವಾದ ಇದೆ, ಮುಚ್ಚಿಡುವುದಿಲ್ಲ. ಹಳೇ ಮೈಯೊಳಗೆ ಇವತ್ತಿನ ಎಂಜಿನ್, ಡಿಸ್ಕ್ ಬ್ರೇಕ್, ಎಸಿ ಕೂರಿಸಿದ ‘ರೆಸ್ಟೊಮಾಡ್’ ಕಾರುಗಳು ಬ್ಯಾರೆಟ್-ಜಾಕ್ಸನ್ ವೇದಿಕೆಯಲ್ಲಿ ಅಸಲಿ ಕಾರುಗಳಿಗಿಂತ ಹೆಚ್ಚಿಗೆ ಹೋಗುವುದುಂಟು. ಅವುಗಳ ಚೀಟಿಯನ್ನು ಯಾರೂ ಕೇಳುವುದಿಲ್ಲ. ಓಡಿಸಲು ಕೊಳ್ಳುವವರ ಕಾರು ಅವು. ಹಾಗಾಗಿ ಪೇಟೆ ಎರಡಾಗಿ ಸೀಳುತ್ತಿದೆ: ಕಾಗದ ಇರುವ ನೂರಾರು ಕಾರು ಒಂದು ಕಡೆ, ಕಾಗದ ಬೇಡದ ಕಾರು ಇನ್ನೊಂದು ಕಡೆ. ಪೆಟ್ಟು ಬೀಳುತ್ತಿರುವುದು ನಡುವೆ ಸಿಕ್ಕಿಕೊಂಡವಕ್ಕೆ. ಅಸಲಿ ಎನ್ನಲು ಪುರಾವೆ ಇಲ್ಲ, ಆರಾಮಾಗಿ ಓಡಿಸಲು ಎಸಿ ಇಲ್ಲ.

ಡೆಟ್ರಾಯಿಟ್ ಸುತ್ತಿನ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೂ ಈ ಗೀಳು ಹತ್ತಿದೆ. ನೋವಾಯ್‌ನಲ್ಲಿರುವ ಹಾಸನ ಕಡೆಯ ಗೆಳೆಯನೊಬ್ಬ ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿ, “ಗುರು, 70ರ ಷೆವೆಲ್ ಎಸ್‌ಎಸ್ ಸಿಕ್ಕಿದೆ, ಬಂದು ನೋಡು” ಎಂದ. ಹೋದೆ. ಕೆಂಪು ಬಣ್ಣ, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ, ಮುಂದೆ ಎಸ್‌ಎಸ್ ಬ್ಯಾಡ್ಜು. ಮಾಲೀಕ ಎಪ್ಪತ್ತು ದಾಟಿದ ಮುದುಕ. ಕೀಲಿ ತಿರುಗಿಸಿದಾಗ ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳೆಲ್ಲ ಗಲಗಲ ಎಂದವು. ಗೆಳೆಯನ ಮುಖ ಅರಳಿತು.

“ಪೇಪರ್ ಇದ್ಯಾ?” ಎಂದು ಪಿಸುಗುಟ್ಟಿದೆ.

“ಇಲ್ವಂತೆ. ಆದ್ರೆ ಅಸಲಿನೇ ಅಂತಾನೆ. ಮೂರನೇ ಓನರ್ ಅಂತೆ ಇವ್ನು.”

ಗಾಜಿನಾಚೆ ಡ್ಯಾಶ್‌ಬೋರ್ಡಿನ ಮೇಲಿನ ನಂಬರು ನೋಡಿದೆ. 13637. ವಿ8 ಎಂಜಿನ್ನಿನ ಎರಡು ಬಾಗಿಲ ಮ್ಯಾಲಿಬು. ಎಸ್‌ಎಸ್ ಆಗಿರಲೂಬಹುದು, ಆಗದಿರಲೂಬಹುದು. ಮುದುಕನನ್ನು ಕೇಳಿ, ಕಾರನ್ನು ಜಾಕಿನಲ್ಲಿ ಎತ್ತಿಸಿ, ರಟ್ಟು ಹಾಸಿಕೊಂಡು ಟಾರ್ಚ್ ಹಿಡಿದು ಇಬ್ಬರೂ ಹಿಂದಿನಿಂದ ಕೆಳಕ್ಕೆ ತೂರಿದೆವು. ಐವತ್ತೈದು ವರ್ಷದ ಎಣ್ಣೆ ಜಿಡ್ಡು, ತುಕ್ಕು, ಮಣ್ಣು. ಅದರ ನಡುವೆ ಪೆಟ್ರೋಲ್ ಟ್ಯಾಂಕು ಒಂದೇ ಬೆಳ್ಳಿ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

“ಏನ್ ಚೆನ್ನಾಗಿ ಇಟ್ಕೊಂಡಿದಾನೆ ನೋಡು, ಟ್ಯಾಂಕ್ ಹೊಸಾದ್ ಹಾಕ್ಸಿದಾನೆ” ಎಂದ ಗೆಳೆಯ.